ಊರ ಕಾವಲು ಉಳಿಯಬೇಕೇ? ಮೊದಲು ಪಹಣಿ ತೆಗೆಸಿ

"ನಮ್ಮೂರ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಕೃಷ್ಣಮೃಗಗಳಿವೆ. ಅದನ್ನು ಉಳಿಸಿಕೊಳ್ಳುವುದು ಹೇಗೆ?" ಈ ಪ್ರಶ್ನೆ ವರ್ಷಕ್ಕೆ ಹತ್ತಾರು ಸಲ ನನ್ನ ಬಳಿಗೆ ಬರುತ್ತದೆ. ಕೃಷ್ಣಮೃಗದ ಜಾಗದಲ್ಲಿ ಒಮ್ಮೆ ತೋಳ ಇರುತ್ತದೆ, ಒಮ್ಮೆ ಕೆರೆಯ ಕೊಕ್ಕರೆಗಳಿರುತ್ತವೆ. ಜೊತೆಗೆ ಇಪ್ಪತ್ತು ಮೂವತ್ತು ಫೋಟೊಗಳು. ಫೋಟೊಗಳು ಚೆನ್ನಾಗಿಯೇ ಇರುತ್ತವೆ. ಆ ಜಾಗದ ಸರ್ವೆ ನಂಬರ್ ಎಷ್ಟು ಎಂದು ಕೇಳಿದರೆ ಮಾತ್ರ ಆ ಕಡೆಯಿಂದ ಸದ್ದಿಲ್ಲ.

ಆದ್ದರಿಂದ ಈ ಬರಹ. ಊರಿನ ಗೋಮಾಳ, ಅಮೃತಮಹಲ್ ಕಾವಲು, ಕೆರೆ ಅಥವಾ ಕುರುಚಲು ಗುಡ್ಡಕ್ಕೆ ಕಾನೂನಿನ ರಕ್ಷಣೆ ಕೊಡಿಸಬೇಕೆಂದು ಹೊರಟ ಗ್ರಾಮ ಪಂಚಾಯಿತಿ ಸದಸ್ಯರು, ಶಾಲಾ ಶಿಕ್ಷಕರು, ಯುವಕ ಸಂಘದವರು ಮತ್ತು ಇಂಥ ಕಡತ ಮೇಜಿನ ಮೇಲೆ ಬಿದ್ದಾಗ ಎಲ್ಲಿಂದ ಹಿಡಿಯಬೇಕೆಂದು ತಿಳಿಯದ ಕಿರಿಯ ಅಧಿಕಾರಿಗಳು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಲ್ಲ ಸರಿಹೋದರೂ ಎರಡು ಮೂರು ವರ್ಷ ಹಿಡಿಯುವ ಕೆಲಸ ಇದು. ಅಷ್ಟು ತಾಳ್ಮೆ ಇದೆಯೇ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ.

ಹೊರಡುವ ಮುನ್ನ ಕೈಯಲ್ಲಿರಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಒಂದು ದಪ್ಪ ನೋಟ್‌ಬುಕ್, ದಿಶಾಂಕ್ ಆ್ಯಪ್ ಇರುವ ಮೊಬೈಲ್, ಗ್ರಾಮ ನಕ್ಷೆಯ ಪ್ರತಿ, ಮತ್ತು ಊರಿನಲ್ಲಿ ಕುರಿ ಮೇಯಿಸುವ ಇಬ್ಬರ ಸ್ನೇಹ. ಕೊನೆಯದು ಇಲ್ಲದಿದ್ದರೆ ಉಳಿದ ಮೂರರಿಂದ ಏನೂ ಆಗುವುದಿಲ್ಲ.

ಹಂತ 1: ನೆಲ ಯಾರದು?

ನೀವು "ಕಾಡು" ಎಂದು ಕರೆಯುವುದು ಕಾಗದದಲ್ಲಿ ಕಾಡಾಗಿರಬೇಕಾಗಿಲ್ಲ. ಬಯಲುಸೀಮೆಯ ಹುಲ್ಲುಗಾವಲುಗಳು ಬಹುಪಾಲು ಕಂದಾಯ ಭೂಮಿ. ಕಾವಲಿನ ನಡುವೆ ನಿಂತು ದಿಶಾಂಕ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ನಾಲ್ಕೂ ಅಂಚಿಗೆ ನಡೆದು ಹೋಗಿ ಸೇರಿದ ಎಲ್ಲ ನಂಬರ್‌ಗಳನ್ನು ಬರೆದುಕೊಳ್ಳಿ. ಆಮೇಲೆ ನಾಡಕಚೇರಿಯಲ್ಲಿ ಒಂದೊಂದರ ಪಹಣಿಯನ್ನೂ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆಯನ್ನೂ, ತೆಗೆಸಿ.

ಪಹಣಿಯಲ್ಲಿ ನೋಡಬೇಕಾದ ಕಾಲಂಗಳು ಮೂರು. ಒಂಬತ್ತನೆಯದರಲ್ಲಿ ಕಬ್ಜೆದಾರರ, ಅಂದರೆ ನೆಲ ಯಾರ ಸ್ವಾಧೀನದಲ್ಲಿದೆಯೋ ಅವರ, ಹೆಸರು: ಅಲ್ಲಿ "ಸರ್ಕಾರ", "ಗೋಮಾಳ", "ಅಮೃತಮಹಲ್ ಕಾವಲ್", "ಸರ್ಕಾರಿ ಬೀಳು", "ಸರ್ಕಾರಿ ಕೆರೆ", ಹೀಗೆ ಏನಾದರೊಂದು ಇರುತ್ತದೆ. ಹನ್ನೊಂದನೆಯದರಲ್ಲಿ ಹಕ್ಕು ಮತ್ತು ಋಣ: ಯಾವುದಾದರೂ ಇಲಾಖೆಗೆ ಮಂಜೂರಾಗಿದ್ದರೆ, ನ್ಯಾಯಾಲಯದ ತಡೆ ಇದ್ದರೆ ಇಲ್ಲಿ ಕಾಣುತ್ತದೆ. ಹನ್ನೆರಡನೆಯದರಲ್ಲಿ ಸಾಗುವಳಿದಾರರು ಮತ್ತು ಬೆಳೆ. ಗೋಮಾಳದ ಪಹಣಿಯ ಹನ್ನೆರಡನೇ ಕಾಲಂನಲ್ಲಿ ರಾಗಿಯೋ ಶೇಂಗಾವೋ ಕಂಡರೆ, ಅಲ್ಲಿ ಈಗಾಗಲೇ ಯಾರೋ ಉಳುಮೆ ಮಾಡುತ್ತಿದ್ದಾರೆ ಎಂದು ತಿಳಿಯಿರಿ. ಅವರು ನಿಮ್ಮ ಊರಿನವರೇ. ಮುಂದೆ ಅವರೊಡನೆ ಮಾತನಾಡಬೇಕಾಗುತ್ತದೆ.

ಕೆಲವು ಪದಗಳು. ಗೋಮಾಳ ಎಂದರೆ ಊರಿನ ದನಕರುಗಳ ಮೇವಿಗೆಂದು ಕಾದಿರಿಸಿದ ಸರ್ಕಾರಿ ಜಮೀನು. ಭೂಕಂದಾಯ ನಿಯಮಗಳು ನೂರು ಜಾನುವಾರಿಗೆ ಹನ್ನೆರಡು ಹೆಕ್ಟೇರ್, ಅಂದರೆ ಸುಮಾರು ಮೂವತ್ತು ಎಕರೆ ಇರಬೇಕೆನ್ನುತ್ತವೆ. ಖರಾಬು ಎಂದರೆ ಸಾಗುವಳಿಗೆ ಬಾರದೆಂದು ಕಂದಾಯದಿಂದ ಬಿಟ್ಟ ನೆಲ. ಅದರಲ್ಲಿ "ಎ" ಖರಾಬು ಬಂಡೆ, ಕೊರಕಲಿನಂಥದ್ದು. "ಬಿ" ಖರಾಬು ಹಳ್ಳ, ದಾರಿ, ಸ್ಮಶಾನದಂತೆ ಸಾರ್ವಜನಿಕ ಉಪಯೋಗದ್ದು. ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದ ದನಗಳ ಹುಲ್ಲುಗಾವಲುಗಳು. ಇವುಗಳ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು, ಏಕೆಂದರೆ ಒಂದೇ ಕಾವಲಿನ ಒಂದು ಭಾಗ ಪಶುಸಂಗೋಪನಾ ಇಲಾಖೆಯ ವಶದಲ್ಲೂ ಇನ್ನೊಂದು ಕಂದಾಯ ಇಲಾಖೆಯ ವಶದಲ್ಲೂ ಮತ್ತೊಂದು ಅರಣ್ಯ ಇಲಾಖೆಯ ವಶದಲ್ಲೂ ಇರಬಹುದು.

ಎಡವುವ ಜಾಗ: ಪಹಣಿಯ ವಿಸ್ತೀರ್ಣವನ್ನು ಹಾಗೆಯೇ ನಂಬಬೇಡಿ. ಸರ್ವೆ ಕಚೇರಿಯ ಆಕಾರಬಂದ್ ತೆಗೆಸಿ ತಾಳೆ ನೋಡಿ. ಆಕಾರಬಂದ್ ಎಂದರೆ ಪ್ರತಿ ಸರ್ವೆ ನಂಬರಿನ ಮೂಲ ವಿಸ್ತೀರ್ಣ ಮತ್ತು ಖರಾಬು ದಾಖಲಾದ ಪಟ್ಟಿ. ನಾನು ಕೈಹಾಕಿದ ಮೊದಲ ಕಡತ ಹದಿನಾಲ್ಕು ತಿಂಗಳ ನಂತರ ಒಂದು ಸಾಲಿನ ಟಿಪ್ಪಣಿಯೊಂದಿಗೆ ಹಿಂದಕ್ಕೆ ಬಂದಿತು: "ವಿಸ್ತೀರ್ಣ ತಾಳೆಯಾಗುತ್ತಿಲ್ಲ." ವ್ಯತ್ಯಾಸ ಇದ್ದದ್ದು ಹನ್ನೊಂದು ಗುಂಟೆ!

ಇನ್ನೊಂದು, ಇದಕ್ಕಿಂತ ದೊಡ್ಡದು. ತಾಲ್ಲೂಕು ಕಚೇರಿಯಲ್ಲಿ ಆ ಸರ್ವೆ ನಂಬರ್‌ಗಳ ಮೇಲೆ ಬಗರ್ ಹುಕುಂ ಅರ್ಜಿಗಳು ಬಾಕಿ ಇವೆಯೇ ಎಂದು ವಿಚಾರಿಸಿ. ಬಗರ್ ಹುಕುಂ ಎಂದರೆ ಅನುಮತಿಯಿಲ್ಲದೆ ಮಾಡಿದ ಸಾಗುವಳಿಯನ್ನು ಸಕ್ರಮಗೊಳಿಸಿಕೊಡಿ ಎಂಬ ಕೋರಿಕೆ; ಫಾರಂ 50, 53, 57 ಎಂಬ ಹೆಸರುಗಳಲ್ಲಿ ಓಡಾಡುವುದು ಇವೇ. ಬಾಯಿಮಾತಿನಲ್ಲಿ ಕೇಳಿದರೆ "ನೋಡಿ ಹೇಳುತ್ತೇವೆ" ಎನ್ನುತ್ತಾರೆ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಬರವಣಿಗೆಯಲ್ಲಿ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದಗಳ ಮಿತಿ, ಅಷ್ಟರಲ್ಲೇ ಮುಗಿಸಿ. ಉತ್ತರಕ್ಕೆ ಮೂವತ್ತು ದಿನ.

ಇಷ್ಟೊಂದು ತಲೆನೋವು ಏಕೆ ಎನ್ನಿಸಿದರೆ ಚಳ್ಳಕೆರೆಯ ಕಡೆ ನೋಡಿ. ಅಲ್ಲಿನ ಖುದಾಪುರ, ಉಳ್ಳಾರ್ತಿ ಭಾಗದ ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಮಂಜೂರಾದದ್ದು 2009ರ ಆಸುಪಾಸಿನಲ್ಲಿ. ಬೇಲಿ, ಗೋಡೆ ಏಳತೊಡಗಿದ ಮೇಲೆ ದನ, ಕುರಿ ಮೇಯಿಸುವವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಾಯಿತು. ಹನ್ನೊಂದನೇ ಕಾಲಂ ಅನ್ನು ವರ್ಷಕ್ಕೊಮ್ಮೆಯಾದರೂ ಓದಿ ಎನ್ನುವುದು ಇದಕ್ಕಾಗಿಯೇ.

ಹಂತ 2: ಯಾವ ಕಾನೂನಿನ ಅಡಿಯಲ್ಲಿ?

ಅಭಯಾರಣ್ಯ ಮಾಡಿ ಎಂದು ಕೇಳಬೇಡಿ. ಊರಿನ ಒಳಗೇ ಇರುವ ನೆಲಕ್ಕೆ ಅದು ಹೊಂದುವುದಿಲ್ಲ, ಊರೂ ಒಪ್ಪುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿ ಇನ್ನೆರಡು ದಾರಿಗಳನ್ನು ತೆರೆದಿದೆ.

ಮೊದಲನೆಯದು ಸಂರಕ್ಷಣಾ ಮೀಸಲು, ಕಲಂ 36ಎ. ನೆಲ ಸರ್ಕಾರದ್ದಾಗಿರಬೇಕು, ಸ್ಥಳೀಯ ಜನರೊಂದಿಗೆ ಸಮಾಲೋಚನೆ ನಡೆದಿರಬೇಕು. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು, ಕಡೂರಿನ ಬಾಸೂರು ಅಮೃತಮಹಲ್ ಕಾವಲು, ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆ ಇವೆಲ್ಲ ಈ ದಾರಿಯಲ್ಲಿ ಬಂದವು. ಅಂಕಸಮುದ್ರ ಬೇಸಾಯಕ್ಕೆ ನೀರು ಕೊಡುವ ಕೆರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು, 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು.

ಎರಡನೆಯದು ಸಮುದಾಯ ಮೀಸಲು, ಕಲಂ 36ಸಿ. ಖಾಸಗಿ ಅಥವಾ ಸಮುದಾಯದ ಜಮೀನಿನವರು ತಾವಾಗಿ ಮುಂದೆ ಬಂದಾಗ ಇದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗಾಯಿತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಅಲ್ಲಿ ಮನೆಯಂಗಳದ ಮರಗಳಲ್ಲಿ; ಮರ ಯಾರದೋ ಅವರ ಒಪ್ಪಿಗೆಯಿಲ್ಲದೆ ಅಲ್ಲಿ ಏನನ್ನು ಘೋಷಿಸಲು ಸಾಧ್ಯ?

ಮೂರನೆಯ ದಾರಿ ಬೇರೆ ಕಾಯಿದೆಯದು. 2002ರ ಜೀವವೈವಿಧ್ಯ ಕಾಯಿದೆಯ ಕಲಂ 37ರಡಿ ಜೀವವೈವಿಧ್ಯ ಪಾರಂಪರಿಕ ತಾಣ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಿಸೆ ತೋಪು 2007ರಲ್ಲಿ ದೇಶದಲ್ಲೇ ಮೊದಲು ಈ ಪಟ್ಟ ಪಡೆಯಿತು. ಹಳೆಯ ತೋಪು, ದೇವರಕಾಡು, ವಿಶೇಷ ಸಸ್ಯಗಳಿರುವ ಗುಡ್ಡಕ್ಕೆ ಇದು ಹೊಂದುತ್ತದೆ. ಓಡಾಡುವ ಪ್ರಾಣಿಗಳ ಬಯಲಿಗೆ 36ಎ ಮೇಲು ಎಂಬುದು ನನ್ನ ಅಭಿಪ್ರಾಯ. ಮುಂದಿನ ಹಂತಗಳನ್ನು ಅದನ್ನೇ ಹಿಡಿದು ಹೇಳುತ್ತೇನೆ.

ಹಂತ 3: ನಾಲ್ಕು ಕಾಲದ ಲೆಕ್ಕ

ಒಂದು ಭಾನುವಾರದ ಫೋಟೊಗಳಿಂದ ಪ್ರಸ್ತಾವ ನಿಲ್ಲುವುದಿಲ್ಲ. ಕನಿಷ್ಠ ಒಂದು ವರ್ಷ, ತಿಂಗಳಿಗೆ ಎರಡು ಸಲ, ಒಂದೇ ದಾರಿಯಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆಯಿರಿ. ದಿನಾಂಕ, ಹೊತ್ತು, ಎಲ್ಲಿ, ಏನು, ಎಷ್ಟು ಎಂಬ ಐದು ಕಾಲಂ ಸಾಕು. "ಹಿಂಡು" ಎಂದು ಬರೆಯಬೇಡಿ; "ಗಂಡು 3, ಹೆಣ್ಣು 11, ಮರಿ 4" ಎಂದು ಬರೆಯಿರಿ. ಏನೂ ಕಾಣದ ದಿನವನ್ನೂ "ಏನೂ ಇಲ್ಲ" ಎಂದು ದಾಖಲಿಸಿ. ಆ ಖಾಲಿ ಸಾಲುಗಳಿದ್ದರೇ ಅಧಿಕಾರಿಗೆ ನಿಮ್ಮ ಉಳಿದ ಸಾಲುಗಳ ಮೇಲೆ ನಂಬಿಕೆ ಬರುವುದು.

ತೋಳ ಕಾಣದಿದ್ದರೂ ಹೆಜ್ಜೆ ಕಾಣುತ್ತದೆ. ಮಳೆ ಬಿದ್ದ ಮರುದಿನ ಬೆಳಿಗ್ಗೆ ಹಳ್ಳದ ಮೆತ್ತನೆಯ ಮಣ್ಣು ನೋಡಿ. ನಾಯಿಯ ಹೆಜ್ಜೆ ಅತ್ತಿತ್ತ ಸುತ್ತಾಡಿರುತ್ತದೆ. ತೋಳದ್ದು ಸಾಮಾನ್ಯವಾಗಿ ದಾರ ಹಿಡಿದಂತೆ ನೇರ ಸಾಗಿರುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಚಳಿಗಾಲದ ಸಂಜೆಗಳನ್ನು ಬಿಡಬೇಡಿ. ದೂರದ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ಕತ್ತಲಾಗುವ ಹೊತ್ತಿಗೆ ಹುಲ್ಲಿನೊಳಗೆ, ನೆಲದ ಮೇಲೆಯೇ, ಮಲಗಲು ಇಳಿಯುತ್ತವೆ. ಹುಲ್ಲು ಇಲ್ಲದಿದ್ದರೆ ಅವೂ ಇಲ್ಲ. ಪ್ರಸ್ತಾವದಲ್ಲಿ "ಇದು ಬರಡು ಭೂಮಿ ಅಲ್ಲ" ಎಂದು ವಾದಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಎಚ್ಚರಿಕೆ: ತೋಳದ ಗವಿ, ಹಕ್ಕಿಯ ಗೂಡು ಇರುವ ನಿಖರ ಜಾಗವನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಅರಣ್ಯ ಪ್ರದೇಶವಾಗಿದ್ದರೆ ಅನುಮತಿಯಿಲ್ಲದೆ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಹಾದುಹೋದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ, ಕಟ್ಟಬೇಡಿ.

ಹಂತ 4: ಕುರಿಗಾಹಿಗಳ ಮುಂದೆ ಕೂರುವುದು

ಹೆಚ್ಚಿನ ಪ್ರಸ್ತಾವಗಳು ಸಾಯುವುದು ಇಲ್ಲಿ. ಬೆಂಗಳೂರಿನ ಪಕ್ಕದ ಹೆಸರಘಟ್ಟ ಹುಲ್ಲುಗಾವಲನ್ನೇ ತೆಗೆದುಕೊಳ್ಳಿ. ಐದು ಸಾವಿರ ಎಕರೆಗೂ ಮೀರಿದ ಅದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವ 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಮುಂದೆ ಬಿದ್ದುಹೋಯಿತು. ಸುತ್ತಲಿನ ಹಳ್ಳಿಗಳಿಗೆ ನಿರ್ಬಂಧ ಬರುತ್ತದೆ ಎಂಬ ಅಂಜಿಕೆ ವಿರೋಧದ ಹಿಂದಿತ್ತು. ಮಂಡಳಿಯ ಒಪ್ಪಿಗೆ ಸಿಗಲು 2024 ಬರಬೇಕಾಯಿತು.

ಕುರಿಗಾಹಿಗಳು ಕೇಳುವುದು ಒಂದೇ ಪ್ರಶ್ನೆ: "ನಾಳೆ ಬೇಲಿ ಹಾಕುವುದಿಲ್ಲ ಎಂದು ಬರೆದುಕೊಡುತ್ತೀರಾ ಸ್ವಾಮಿ?" ಇದಕ್ಕೆ ಹಾರಿಕೆಯ ಉತ್ತರ ಕೊಟ್ಟರೆ ಅಂದಿಗೇ ನಿಮ್ಮ ಕೆಲಸ ಮುಗಿಯಿತು. ಕಾನೂನು ಹೇಳುವುದನ್ನು ಇದ್ದಂತೆ ಹೇಳಿ. ಅಭಯಾರಣ್ಯದಲ್ಲಿ ಜಾನುವಾರು ಮೇಯಿಸುವುದನ್ನು ನಿಯಂತ್ರಿಸುವ, ನಿಷೇಧಿಸುವ ಅಧಿಕಾರ ಬರುವುದು ಕಲಂ 33ರ (ಡಿ) ಉಪಖಂಡದಿಂದ. ಸಂರಕ್ಷಣಾ ಮೀಸಲಿಗೆ ಯಾವ ಯಾವ ಕಲಂಗಳು ಅನ್ವಯಿಸುತ್ತವೆ ಎಂದು 36ಎ ಪಟ್ಟಿ ಕೊಡುತ್ತದೆ. 33ರಿಂದ (ಬಿ) ಮತ್ತು (ಸಿ) ಮಾತ್ರ ಆ ಪಟ್ಟಿಯಲ್ಲಿವೆ, (ಡಿ) ಇಲ್ಲ. ಅಲ್ಲಿ ನಿಷಿದ್ಧವಾಗುವುದು ಬೆಂಕಿ ಇಡುವುದು, ಸ್ಫೋಟಕ ಮತ್ತು ವಿಷವಸ್ತುಗಳ ಬಳಕೆ, ಗಡಿಗುರುತು ಕೀಳುವುದು, ಪ್ರಾಣಿಗಳನ್ನು ಕೆಣಕುವುದು, ಕಸ ಚೆಲ್ಲುವುದು. ಆ ಪುಟದ ನೆರಳಚ್ಚು ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡೇ ಸಭೆಗೆ ಹೋಗಿ, ಗಟ್ಟಿಯಾಗಿ ಓದಿ.

ಒಂದು ಷರತ್ತನ್ನು ಮುಚ್ಚಿಡಬೇಡಿ. ಅದೇ ನೆಲ ಮೊದಲೇ ಅರಣ್ಯ ಕಾಯಿದೆಯಡಿ ಮೀಸಲು ಅರಣ್ಯವಾಗಿದ್ದರೆ ಆ ಕಾಯಿದೆಯ ನಿರ್ಬಂಧಗಳು ಅಲ್ಲಿ ಹಾಗೆಯೇ ಇರುತ್ತವೆ. "ಏನೂ ಆಗುವುದಿಲ್ಲ ಬಿಡಿ" ಎಂದು ಭರವಸೆ ಕೊಟ್ಟು, ಮುಂದೊಂದು ದಿನ ಗಾರ್ಡ್ ಬಂದು ಕುರಿಹಿಂಡನ್ನು ತಡೆದರೆ, ಊರು ನಿಮ್ಮ ಮುಖ ನೋಡುವುದಿಲ್ಲ.

ಕುರಿಗಾಹಿಗಳ ಬಳಿಗೆ ಸಭೆಗೆ ಮುಂಚೆ ಹೋಗಿ, ಸಭೆಯಲ್ಲಿ ಅಲ್ಲ. ಹಿಂಡು ನೆರಳಿಗೆ ನಿಲ್ಲುವ ಮಧ್ಯಾಹ್ನದ ಹೊತ್ತು ಒಳ್ಳೆಯದು. ಯಾವ ತಿಂಗಳು ಎಲ್ಲಿ ಮೇಯಿಸುತ್ತಾರೆ, ನೀರಿಗೆ ಎಲ್ಲಿಗೆ ಹೋಗುತ್ತಾರೆ, ಹೊರಗಿನ ಹಿಂಡುಗಳು ಯಾವಾಗ ಬರುತ್ತವೆ ಎಂದು ಕೇಳಿ ನಕ್ಷೆಯ ಮೇಲೆ ಗುರುತು ಹಾಕಿ. ಈ ನಕ್ಷೆ ಹಂತ 6ರಲ್ಲಿ ಮತ್ತೆ ಬೇಕಾಗುತ್ತದೆ.

ಆಮೇಲೆ ವಾರ್ಡ್ ಸಭೆ, ಗ್ರಾಮಸಭೆ. ನಿರ್ಣಯದಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಕೋರಿಕೆ ಮೂರೂ ಸ್ಪಷ್ಟವಾಗಿರಲಿ, ಮತ್ತು "ಜಾನುವಾರು ಮೇಯಿಸುವ ರೂಢಿ ಮುಂದುವರಿಯಬೇಕು" ಎಂಬ ಸಾಲು ನಿರ್ಣಯದ ಒಳಗೇ ಇರಲಿ. ಕೋರಂ, ಅಂದರೆ ಕನಿಷ್ಠ ಹಾಜರಾತಿ, ಇಲ್ಲದ ಸಭೆಯ ನಡಾವಳಿಗೆ ಬೆಲೆಯಿಲ್ಲ. ಹಾಜರಿ ಪುಸ್ತಕದ ಸಹಿಗಳನ್ನು ಅಲ್ಲಿಯೇ ಎಣಿಸಿ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ದೃಢೀಕೃತ ಪ್ರತಿಯನ್ನು ಒಂದು ವಾರದೊಳಗೆ ಪಡೆದುಕೊಳ್ಳಿ. ವರ್ಗಾವಣೆಯಾದರೆ ಹೊಸಬರ ಬಳಿ ಹಳೆಯ ನಡಾವಳಿ ಹುಡುಕಿಸುವುದು ಪ್ರಯಾಸ.

ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ ಎಬ್ಬಿಸಿ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇದು ಇರಬೇಕು. ಊರಿನ ಸಸ್ಯ, ಪ್ರಾಣಿ, ರೂಢಿಗಳ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇದೇ ಇಟ್ಟುಕೊಳ್ಳಬೇಕು. ಬಹಳ ಕಡೆ ಸಮಿತಿ ಕಾಗದದ ಮೇಲಷ್ಟೇ ಇರುತ್ತದೆ, ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿರುವುದಿಲ್ಲ. ನಿಮ್ಮ ಒಂದು ವರ್ಷದ ನೋಟ್‌ಬುಕ್ ಆ ದಾಖಲಾತಿಗೆ ಸೇರಲಿ.

ಹಂತ 5: ಕಡತ ನಡೆಯುವ ದಾರಿ

ಮನವಿಯ ಮೂರು ಪ್ರತಿ ಮಾಡಿ: ಒಂದು ವಲಯ ಅರಣ್ಯಾಧಿಕಾರಿಯ ಮೂಲಕ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ, ಒಂದು ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ, ಒಂದು ನಿಮಗೆ. ಪಹಣಿಗಳು, ಆಕಾರಬಂದ್, ಗ್ರಾಮ ನಕ್ಷೆ, ವರ್ಷದ ದಾಖಲೆ, ಗ್ರಾಮಸಭೆಯ ನಿರ್ಣಯ ಈ ಕ್ರಮದಲ್ಲಿ ಲಗತ್ತಿಸಿ, ಪುಟಸಂಖ್ಯೆ ಹಾಕಿ. ಫೋಟೊಗಳು ಕೊನೆಗೆ, ಹತ್ತಕ್ಕಿಂತ ಹೆಚ್ಚು ಬೇಡ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸದೆ ಕಿಟಕಿ ಬಿಟ್ಟು ಕದಲಬೇಡಿ.

ಮುಂದೆ ಕಂದಾಯ ಇಲಾಖೆಯ ಅಭಿಪ್ರಾಯ, ಅರಣ್ಯ ಇಲಾಖೆಯ ಸ್ಥಳ ಪರಿಶೀಲನೆ, ಅಲ್ಲಿಂದ ಬೆಂಗಳೂರಿನ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿ, ಆಮೇಲೆ ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ರಾಜ್ಯ ವನ್ಯಜೀವಿ ಮಂಡಳಿ, ಕೊನೆಗೆ ರಾಜ್ಯಪತ್ರದಲ್ಲಿ ಅಧಿಸೂಚನೆ. ಕೇಂದ್ರ ಸರ್ಕಾರದ ನೆಲ ಒಳಗೆ ಸೇರಿದ್ದರೆ ಅದರ ಪೂರ್ವಸಮ್ಮತಿಯೂ ಬೇಕು. ಕಡತ ಹೆಚ್ಚು ದಿನ ಮಲಗುವುದು ಕಂದಾಯ ಮತ್ತು ಅರಣ್ಯ ಇಲಾಖೆಗಳ ನಡುವೆ. ಒಬ್ಬರು ಇನ್ನೊಬ್ಬರ ಪತ್ರಕ್ಕೆ ಕಾಯುತ್ತಿರುತ್ತಾರೆ. ತಿಂಗಳಿಗೊಮ್ಮೆ ಹೋಗಿ ಕಡತ ಸಂಖ್ಯೆ ಹೇಳಿ ಕೇಳಿ. ಜಗಳ ಬೇಡ. ವಿಷಯ ನಿರ್ವಾಹಕರಿಗೆ ಹತ್ತಾರು ಊರಿನ ಕಡತಗಳಿರುತ್ತವೆ, ನಿಮ್ಮದು ನೆನಪಿನಲ್ಲಿ ಉಳಿದರೆ ಸಾಕು.

ಈ ನಡುವೆ ಯಾರಾದರೂ ಒತ್ತುವರಿ ಮಾಡಿದರೆ ಸುಮ್ಮನಿರಬೇಡಿ. ಊರಿನ ಸಾರ್ವಜನಿಕ ನೆಲಗಳ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೂರಿನಲ್ಲಿ ಅದನ್ನು ಉಲ್ಲೇಖಿಸಿ.

ಹಂತ 6: ಅಧಿಸೂಚನೆ ಬಂದ ಮರುದಿನ

ಸಿಹಿ ಹಂಚಿ, ಆದರೆ ಗಿಡ ನೆಡಬೇಡಿ.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮೀಸಲು ಘೋಷಣೆಯಾದ ಕೂಡಲೇ ಯಾರೋ ಹುಮ್ಮಸ್ಸಿನಿಂದ ಸಾವಿರ ಸಸಿಗಳ ಲಾರಿ ತಂದು ನಿಲ್ಲಿಸುತ್ತಾರೆ. ಕೃಷ್ಣಮೃಗ ದೂರ ನೋಡಿ, ಓಡಿ ಬದುಕುವ ಪ್ರಾಣಿ; ಅದಕ್ಕೆ ಬಯಲೇ ಬೇಕು. 1974ರಲ್ಲಿ ಕೃಷ್ಣಮೃಗಕ್ಕಾಗಿಯೇ ಘೋಷಣೆಯಾದ ರಾಣೆಬೆನ್ನೂರು ಅಭಯಾರಣ್ಯದ ಬಹುಭಾಗ ಇಂದು ನೀಲಗಿರಿ ನೆಡುತೋಪು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ ಈಗ ಅಲ್ಲಿಲ್ಲ. ಹುಲ್ಲುಗಾವಲು ಎಂದರೆ ಮರ ಬೆಳೆಯದೆ ಹಾಳಾದ ಕಾಡು ಎಂಬ ಭ್ರಮೆ ನಮ್ಮ ಶಾಲೆಯ ವನಮಹೋತ್ಸವಗಳಿಂದ ಹಿಡಿದು ದೊಡ್ಡ ಕಚೇರಿಗಳವರೆಗೂ ಇದೆ. ಕಂದಕ ತೋಡುವುದು, ಕೊರಕಲು ಕೊರಕಲಿಗೆ ಚೆಕ್‌ಡ್ಯಾಂ ಕಟ್ಟುವುದು ಇವೂ ಅದೇ ಸಾಲಿನವು. ಹಣ ಬಂದಿದೆ, ಮಾರ್ಚ್ ಒಳಗೆ ಖರ್ಚಾಗಬೇಕು ಎಂಬ ಕಾರಣಕ್ಕೆ ನೆಲ ಅಗೆಯಲು ಬಿಡಬೇಡಿ. ತೆಗೆಯಬೇಕಾದದ್ದು ಬಳ್ಳಾರಿ ಜಾಲಿ. ಅದನ್ನು ಬರಿಯ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಬೇರುಸಮೇತ ಕೀಳಬೇಕು, ಅದೂ ಮರಿ ಹಾಕುವ ಜಾಗಗಳನ್ನು ಬಿಟ್ಟು.

ಮೀಸಲು ನಿರ್ವಹಣಾ ಸಮಿತಿ ರಚನೆಯಾಗುವವರೆಗೆ ಬೆನ್ನು ಬಿಡಬೇಡಿ. ಕಲಂ 36ಬಿ ಪ್ರಕಾರ ಅರಣ್ಯ ಇಲಾಖೆಯ ಪ್ರತಿನಿಧಿ ಸದಸ್ಯ ಕಾರ್ಯದರ್ಶಿ. ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಂದ ಒಬ್ಬೊಬ್ಬರು. ಪಂಚಾಯಿತಿಯ ಆ ಒಂದು ಸ್ಥಾನಕ್ಕೆ ಕುರಿ ಮೇಯಿಸುವವರನ್ನು ಕಳಿಸುವಂತೆ ಊರನ್ನು ಒಪ್ಪಿಸಿ. ಅಧ್ಯಕ್ಷರೇ ಹೋಗಬೇಕೆಂಬ ನಿಯಮವಿಲ್ಲ.

ಮೊದಲ ಸಭೆಗೆ ಕೈಯಲ್ಲಿ ಹಿಡಿದು ಹೋಗಬೇಕಾದ ವಿಷಯಗಳು ಮೂರು. ಬೆಂಕಿ: ಜನವರಿಯೊಳಗೆ ದಾರಿಯಂಚಿನಲ್ಲಿ ಬೆಂಕಿರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ, ಸಿದ್ಧವಾಗಬೇಕು. ನಾಯಿ: ಹುಲ್ಲಿನಲ್ಲಿ ಅಡಗಿ ಮಲಗುವ ಕೃಷ್ಣಮೃಗದ ಮರಿಗಳಿಗೆ ತೋಳಕ್ಕಿಂತ ದೊಡ್ಡ ಕಂಟಕ ಬೀದಿನಾಯಿಗಳು, ಅವು ಬರುವುದು ಅಂಚಿನಲ್ಲಿ ಸುರಿಯುವ ಕೋಳಿ ತ್ಯಾಜ್ಯಕ್ಕೆ. ತ್ಯಾಜ್ಯ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಮೇವು: ಕುರಿಗಾಹಿಗಳೊಂದಿಗೆ ನೀವು ಗುರುತು ಹಾಕಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿ. ಮಳೆ ಬಿದ್ದು ಹುಲ್ಲು ಮೊಳೆಯುವ ಆರು ವಾರ ಯಾವ ಭಾಗವನ್ನು ಬಿಡುತ್ತೀರಿ ಎಂದು ಅವರನ್ನೇ ಕೇಳಿ. ಅವರು ತೋರಿಸಿದ ಭಾಗಕ್ಕೆ ಬೇಲಿ ಬೇಕಾಗುವುದಿಲ್ಲ.

ತೋಳ ಕುರಿಯನ್ನು ಹೊತ್ತೊಯ್ದರೆ ಅದೇ ದಿನ ವಲಯ ಅರಣ್ಯಾಧಿಕಾರಿಗೆ ತಿಳಿಸಿ, ಪಶುವೈದ್ಯರ ಪತ್ರ ಮತ್ತು ಫೋಟೊ ಇಟ್ಟು ಪರಿಹಾರದ ಅರ್ಜಿ ಹಾಕಿಸಿ. ಅರ್ಜಿಯನ್ನು ನೀವೇ ಕೂತು ಬರೆದುಕೊಡಿ. ಗಡಿಕಲ್ಲುಗಳಿಗೆ ನಂಬರ್ ಬರೆಸಿ, ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಪಂಚಾಯಿತಿಯವರೊಂದಿಗೆ ಸುತ್ತು ಬಂದು ಎಣಿಸಿ. ಕಲ್ಲು ಒಂದು ಕಡಿಮೆ ಬಂದರೆ ಅಂದೇ ಸಂಜೆ ತಹಶೀಲ್ದಾರರಿಗೆ ಪತ್ರ.